ಆರ್ಡಿನರಿ, ಬೆಸ್ಟ್, ಸ್ಟ್ರಾಂಗ್: ಇಂಗ್ಲಿಷ್ ಬಿಟರ್ ಆರಿಸುವುದು ಹೇಗೆ?

ಇಂಗ್ಲೆಂಡಿಗೆ ಓದಲು, ಕೆಲಸ ಮಾಡಲು ಬಂದ ನಮ್ಮವರು ಪಬ್‌ಗೆ ಹೋದರೆ ಸಾಮಾನ್ಯವಾಗಿ ಕೇಳುವುದು ಲಾಗರ್. ತಪ್ಪೇನಿಲ್ಲ, ಊರಲ್ಲಿ ಕುಡಿದು ಗೊತ್ತಿರುವುದು ಅದೇ ತಾನೆ. ಕೌಂಟರಿನ ಮೇಲೆ ಉದ್ದ ಹಿಡಿಯ ಪಂಪುಗಳು ನಾಲ್ಕೈದು ಸಾಲಾಗಿ ನಿಂತಿರುತ್ತವಲ್ಲ, ಅವುಗಳ ಕಡೆ ಕೈ ತೋರಿಸಲು ಮಾತ್ರ ಹಿಂಜರಿಕೆ. ಯಾವುದು ಹೇಗಿರುತ್ತದೋ ಏನೋ. ಧೈರ್ಯ ಮಾಡಿ ಒಂದು ಬಿಟರ್, ಅಂದರೆ ಆ ಪಂಪಿನಿಂದ ಬರುವ ಇಂಗ್ಲೆಂಡಿನ ಕಹಿ ಬಿಯರ್ (ಏಲ್ ಎಂಬ ಬಗೆಯದು), ತೆಗೆದುಕೊಂಡವರೂ ಎರಡು ಗುಟುಕು ಕುಡಿದು, 'ಬೆಚ್ಚಗಿದೆ, ಗ್ಯಾಸೇ ಇಲ್ಲ, ಕಹಿ ಬೇರೆ' ಎಂದು ಗ್ಲಾಸು ಪಕ್ಕಕ್ಕಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಈ ಮೂರು ದೂರುಗಳಲ್ಲಿ ಯಾವುದು ಬಿಯರಿನ ಗುಣ, ಯಾವುದು ನಿಜವಾದ ದೋಷ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಬಿಟರ್ ಬರುವುದು ನೆಲಮಾಳಿಗೆಯಿಂದ. ಅಲ್ಲಿ 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ರಿಜ್‌ನಿಂದ ತೆಗೆದ ಲಾಗರ್ ಕುಡಿದ ನಾಲಿಗೆಗೆ ಇದು ಬೆಚ್ಚಗೆ ಅನಿಸುತ್ತದೆ ಅಷ್ಟೆ. ಗ್ಯಾಸು ಕಡಿಮೆ ಇರುವುದೂ ಸರಿಯೇ: ಲಾಗರ್‌ನಲ್ಲಿ ತನ್ನ ಗಾತ್ರದ ಎರಡೂವರೆ ಪಟ್ಟು ಇಂಗಾಲದ ಡೈಆಕ್ಸೈಡ್ ಕರಗಿದ್ದರೆ, ಇದರಲ್ಲಿ ಹೆಚ್ಚುಕಡಿಮೆ ಒಂದು ಪಟ್ಟು. ಆದರೆ ನಾಲಿಗೆಯ ಮೇಲೆ ಸಣ್ಣ ಚುರುಕೂ ಇಲ್ಲದೆ ಸಪ್ಪೆಯಾಗಿ ಇಳಿದರೆ ಅದು ದೋಷ. ಇನ್ನು ಕಹಿ. ಒಳ್ಳೆಯ ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ ನುಂಗಿದ ಮೇಲೆ ಬಾಯಿಯ ಹಿಂಭಾಗದಲ್ಲಿ ಒಂದು ಕಹಿ ನಿಂತು, ಇನ್ನೊಂದು ಗುಟುಕು ಬೇಕು ಅನಿಸುತ್ತದಲ್ಲ, ಅಂಥದ್ದು ಇಲ್ಲಿಯೂ ಇರಬೇಕು. ಗಂಟಲು ಕೆರೆಯುವಂತಿದ್ದರೆ ಏನೋ ಕೆಟ್ಟಿದೆ.

ಹಾಗಾದರೆ ಯಾವುದನ್ನು ಆರಿಸುವುದು? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿಟರ್‌ನಲ್ಲಿ ಬ್ರ್ಯಾಂಡ್ ನೋಡುವುದು ಕೊನೆಗೆ. ಮೊದಲು ಪಬ್, ಆಮೇಲೆ ಬಲ, ಅಂದರೆ ಆಲ್ಕೋಹಾಲ್ ಎಷ್ಟಿದೆ ಎಂಬುದು, ಆಮೇಲೆ ಹೆಸರು. ಚೆನ್ನಾಗಿ ನೋಡಿಕೊಳ್ಳುವ ಪಬ್‌ನಲ್ಲಿ ಮಾಮೂಲಿ ಬಿಟರ್ ಕೂಡ ಎರಡನೇ ಪಿಂಟ್ (568 ಮಿಲಿಯ ಗ್ಲಾಸು) ಕೇಳುವಂತಿರುತ್ತದೆ. ನೋಡಿಕೊಳ್ಳದ ಕಡೆ ಪದಕ ಗೆದ್ದ ಬಿಯರೂ ಹುಳಿ ನೀರು.

ಪಬ್ ಯಾಕೆ ಮೊದಲು?

ಆ ಪಂಪುಗಳಿಂದ ಬರುವ ಬಿಟರ್ ಕಾಸ್ಕ್ ಬಿಯರ್, ಅಂದರೆ ಪೀಪಾಯಿಯಲ್ಲೇ ಹದವಾಗುವ ಬಿಯರ್. ಬ್ರೂವರಿಯಿಂದ ಹೊರಡುವಾಗ ಅದು ಇನ್ನೂ ತಯಾರಾಗಿರುವುದಿಲ್ಲ. ಪೀಪಾಯಿಯ ಒಳಗೆ ಯೀಸ್ಟ್ ಜೀವಂತವಾಗಿರುತ್ತದೆ, ಹುದುಗುವ ಕೆಲಸ ಅಲ್ಲಿಯೂ ನಿಧಾನಕ್ಕೆ ನಡೆಯುತ್ತಿರುತ್ತದೆ. ಪಬ್‌ನವರು ಅದನ್ನು ನೆಲಮಾಳಿಗೆಯಲ್ಲಿ ಮಲಗಿಸಿ, ಮೇಲಿನ ತೂತಿಗೆ ಸಣ್ಣ ಮರದ ಬೆಣೆ ಹೊಡೆದು ಹೆಚ್ಚಿನ ಗ್ಯಾಸು ಬಿಟ್ಟು, ಯೀಸ್ಟ್ ತಳಕ್ಕೆ ಕೂರುವವರೆಗೆ ಕಾದು, ಆಮೇಲೆ ನಲ್ಲಿ ಹಾಕುತ್ತಾರೆ. ಕೌಂಟರಿನಲ್ಲಿ ಎಳೆಯುವ ಹ್ಯಾಂಡ್‌ಪಂಪ್‌ಗೆ ಜೋಸೆಫ್ ಬ್ರಾಮಾ ಎಂಬಾತ 1797ರಲ್ಲಿ ಪೇಟೆಂಟ್ ಪಡೆದಿದ್ದ. ಇವತ್ತಿಗೂ ಅದರ ಕೆಲಸ ಅಷ್ಟೇ, ಕೆಳಗಿನ ಬಿಯರನ್ನು ಕೈ ಬಲದಿಂದ ಮೇಲಕ್ಕೆ ಎಳೆಯುವುದು. ಗ್ಯಾಸು ಹಾಕಿ ತಳ್ಳುವುದಿಲ್ಲ. ಹಾಗಾಗಿ ಒಂದೊಂದು ಪಿಂಟ್ ಹೊರಗೆ ಬಂದಂತೆ ಅಷ್ಟೇ ಗಾಳಿ ಒಳಗೆ ಹೋಗುತ್ತದೆ. ಗಾಳಿ ಹೋದ ಮೇಲೆ ದಿನ ಎಣಿಸಬೇಕು. ನಲ್ಲಿ ಹಾಕಿದ ಮೂರು ದಿನದೊಳಗೆ ಪೀಪಾಯಿ ಖಾಲಿಯಾಗಬೇಕು ಎನ್ನುವುದು ಈ ಕಸುಬಿನ ಲೆಕ್ಕ.

ಈಗ ಗುಣಿಸಿ ನೋಡಿ. ಪಬ್‌ಗಳಿಗೆ ಹೆಚ್ಚಾಗಿ ಬರುವುದು ಫರ್ಕಿನ್ ಎಂಬ ಪೀಪಾಯಿ. ಅದರಲ್ಲಿ 9 ಗ್ಯಾಲನ್, ಅಂದರೆ 72 ಪಿಂಟ್. ಐದು ಪಂಪ್ ಇದ್ದರೆ 360 ಪಿಂಟ್. ಮೂರು ದಿನದಲ್ಲಿ ಖಾಲಿಯಾಗಬೇಕಾದರೆ ದಿನಕ್ಕೆ 120 ಪಿಂಟ್ ಬಿಟರ್ ಹೋಗಬೇಕು. ಮಂಗಳವಾರ ಮಧ್ಯಾಹ್ನ ನಾಲ್ಕು ಜನ, ಒಂದು ನಾಯಿ ಇರುವ ಪಬ್‌ನಲ್ಲಿ ಇದು ಸಾಧ್ಯವಾ? ಅಂಥ ಜಾಗದಲ್ಲಿ ಎಂಟು ಪಂಪ್ ಕಂಡರೆ ಖುಷಿಪಡಬೇಡಿ. ಎರಡೇ ಪಂಪ್ ಇಟ್ಟು ಅವೆರಡನ್ನೂ ಖಾಲಿ ಮಾಡುವವನೇ ಜಾಣ. ಕೆಲವರು 36 ಪಿಂಟ್‌ನ ಚಿಕ್ಕ ಪೀಪಾಯಿ ತರಿಸುತ್ತಾರೆ. ಅದೂ ಒಳ್ಳೆಯ ಲಕ್ಷಣವೇ.

ಒಳಗೆ ಹೋದ ಮೇಲೆ ಸುತ್ತ ಕೂತವರ ಕೈಯಲ್ಲಿ ಏನಿದೆ ನೋಡಿ. ಎಲ್ಲರ ಮುಂದೆ ಲಾಗರ್ ಇದ್ದರೆ ಪಂಪುಗಳು ಸುಮ್ನೆ ಅಲಂಕಾರಕ್ಕೆ ಎಂದು ತಿಳಿಯಿರಿ. ಬಾರ್‌ನವರನ್ನು 'ಇವತ್ತು ಯಾವುದು ಜಾಸ್ತಿ ಹೋಗ್ತಿದೆ?' ಎಂದು ಕೇಳಿದರೆ ನಿಜವನ್ನೇ ಹೇಳುತ್ತಾರೆ. ರುಚಿ ನೋಡಲು ಒಂದು ಗುಟುಕು ಕೇಳುವುದರಲ್ಲೂ ಸಂಕೋಚ ಬೇಡ, ಬಹಳ ಕಡೆ ಸಣ್ಣ ಗ್ಲಾಸಿನಲ್ಲಿ ಕೊಡುತ್ತಾರೆ. ಪಂಪಿನ ಮೇಲಿನ ಹೆಸರಿನ ಬಿಲ್ಲೆಯನ್ನು, ಅಂದರೆ ಪಂಪ್ ಕ್ಲಿಪ್ಪನ್ನು, ಹಿಂದುಮುಂದು ತಿರುಗಿಸಿಟ್ಟಿದ್ದರೆ ಆ ಬಿಯರ್ ಮುಗಿದಿದೆ ಅಥವಾ ಇನ್ನೂ ಸಿದ್ಧವಾಗಿಲ್ಲ. ಹೀಗೆ ತಿರುಗಿಸುವ ಪಬ್ ಬಗ್ಗೆ ನನಗೆ ನಂಬಿಕೆ ಹೆಚ್ಚು. ಸಿದ್ಧವಾಗದ್ದನ್ನು ಮಾರುವುದಿಲ್ಲ ಎಂದು ಅವರು ಹೇಳಿದಂತಾಯಿತಲ್ಲ. ಬಾಗಿಲ ಬಳಿ ಕಾಸ್ಕ್ ಮಾರ್ಕ್ ಫಲಕವಿದ್ದರೆ ಹೊರಗಿನವರು ಬಂದು ಬಿಯರಿನ ಸ್ಥಿತಿ ಪರೀಕ್ಷಿಸಿ ಹೋಗಿದ್ದಾರೆ ಎಂದರ್ಥ. ಅದು ಪೂರ್ತಿ ಭರವಸೆಯಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಬಾಗಿಲು ತೆರೆದ ಕೂಡಲೇ ಸಿಗುವ ಮೊದಲ ಪಿಂಟ್ ಬಗ್ಗೆ ಎಚ್ಚರ. ರಾತ್ರಿಯಿಡೀ ಪೈಪಿನಲ್ಲಿ ನಿಂತ ಬಿಯರ್ ಅದು. ಒಳ್ಳೆಯ ಪಬ್‌ನವರು ಅದನ್ನು ಎಳೆದು ಚೆಲ್ಲುತ್ತಾರೆ, ಜಿಪುಣರು ನಿಮಗೆ ಕೊಡುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಾಸ್ಕ್ ಬಿಯರ್ ತಿಳಿಯಾಗಲು ಹಿಂದಿನಿಂದಲೂ ಐಸಿಂಗ್ಲಾಸ್ ಬಳಸುತ್ತಾರೆ. ಅದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು ಒಣಗಿಸಿ ಮಾಡಿದ್ದು. ಯೀಸ್ಟಿಗೆ ಅಂಟಿಕೊಂಡು ಅದನ್ನು ತಳಕ್ಕೆ ಎಳೆದುಕೊಂಡು ಹೋಗುತ್ತದೆ, ಗ್ಲಾಸಿಗೆ ಬರುವುದು ಇಲ್ಲವೆನ್ನುವಷ್ಟು. ಆದರೂ ಬೇಡ ಅನಿಸಿದರೆ ಬಾರ್‌ನಲ್ಲಿ 'ವೀಗನ್ ಬಿಯರ್ ಯಾವುದು?' ಎಂದು ಕೇಳಿ. ಈಗ ಹಲವು ಬ್ರೂವರಿಗಳು ಅದಿಲ್ಲದೆಯೇ ಮಾಡುತ್ತವೆ. ಅಂಥವು ಸ್ವಲ್ಪ ಮಬ್ಬಾಗಿರಬಹುದು. ಆ ಮಬ್ಬು ದೋಷವಲ್ಲ.

ಮೂರು ಬಲ, ಮೂರು ಸ್ವಭಾವ

ಸ್ಪರ್ಧೆಗಳಲ್ಲಿ ಬಿಯರಿಗೆ ಅಂಕ ಕೊಡುವವರು ಬಿಟರನ್ನು ಮೂರು ಮನೆಗಳಾಗಿ ಹಂಚುತ್ತಾರೆ. ಅಮೆರಿಕದ ಬಿಜೆಸಿಪಿ ಎಂಬ ತೀರ್ಪುಗಾರರ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಆರ್ಡಿನರಿ ಬಿಟರ್‌ನಲ್ಲಿ ಆಲ್ಕೋಹಾಲ್ ಶೇ 3.2ರಿಂದ 3.8, ಬೆಸ್ಟ್ ಬಿಟರ್‌ನಲ್ಲಿ ಶೇ 3.8ರಿಂದ 4.6, ಸ್ಟ್ರಾಂಗ್ ಬಿಟರ್‌ನಲ್ಲಿ ಶೇ 4.6ರಿಂದ 6.2. ಆದರೆ ಪಬ್‌ನಲ್ಲಿ ಈ ಹೆಸರುಗಳನ್ನು ನಂಬಿಕೊಂಡು ಕೂರಬೇಡಿ. ಯಾರ್ಕ್‌ಷೈರಿನ ಮ್ಯಾಷಮ್ ಎಂಬ ಸಣ್ಣ ಊರಿನಿಂದ ಬರುವ ಥೀಕ್‌ಸ್ಟನ್ ಮತ್ತು ಬ್ಲ್ಯಾಕ್ ಶೀಪ್ ಎರಡೂ ತಮ್ಮ ಶೇ 3.8ರ ಬಿಯರನ್ನು 'ಬೆಸ್ಟ್ ಬಿಟರ್' ಎಂದೇ ಕರೆದು ಮಾರಿಕೊಂಡು ಬಂದಿವೆ. 'ಆರ್ಡಿನರಿ' ಎಂದು ತನ್ನ ಬಿಯರಿಗೆ ತಾನೇ ಹೆಸರಿಡಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಹೆಸರು ಬಿಡಿ, ಪಂಪ್ ಕ್ಲಿಪ್ಪಿನಲ್ಲಿ ಸಂಖ್ಯೆ ಇರುತ್ತದೆ, ಅದನ್ನು ನೋಡಿ. ಈಚೆಗೆ ಶೇ 3.4 ಎಂಬ ಸಂಖ್ಯೆ ಜಾಸ್ತಿ ಕಾಣುತ್ತಿದೆ. 2023ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಮದ್ಯ ತೆರಿಗೆ ಬದಲಾಯಿತು, ಶೇ 3.5ಕ್ಕಿಂತ ಕಡಿಮೆ ಇರುವ ಬಿಯರಿಗೆ ತೆರಿಗೆ ಹಗುರವಾಯಿತು. ಹಾಗಾಗಿ ಕೆಲವು ಹಳೆಯ ಬಿಟರ್‌ಗಳು ಸದ್ದಿಲ್ಲದೆ ತೆಳ್ಳಗಾದವು.

ಶೇ 3.4ರಿಂದ 3.8ರ ಬಿಟರ್ ಮಾಡುವುದೇ ಬ್ರೂವರ್‌ಗೆ ಅತಿ ಕಷ್ಟದ ಕೆಲಸ ಎಂದು ನನ್ನ ನಂಬಿಕೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕಡಿಮೆ, ಆಲ್ಕೋಹಾಲ್ ಕಡಿಮೆ, ತಪ್ಪು ಮುಚ್ಚಿಕೊಳ್ಳಲು ಏನೂ ಇಲ್ಲ. ಚೆನ್ನಾಗಿದ್ದಾಗ ಗರಿಗರಿಯಾದ ಬಿಸ್ಕತ್ತಿನ ರುಚಿ, ಒಂದಿಷ್ಟು ಕಿತ್ತಳೆ ಸಿಪ್ಪೆ, ಕೊನೆಯಲ್ಲಿ ಒಣ ಕಹಿ. ಚೆನ್ನಾಗಿಲ್ಲದಾಗ ತೊಳೆದ ನೀರು. ಗೆಳೆಯರ ಜೊತೆ ಸಂಜೆಯಿಡೀ ಮಾತಾಡುತ್ತ ಕೂರುವುದಿದ್ದರೆ ಇದನ್ನೇ ಆರಿಸಿ.

ಬೆಸ್ಟ್ ಬಿಟರ್ ಆರ್ಡಿನರಿ ಮತ್ತು ಸ್ಟ್ರಾಂಗ್‌ಗಳ ನಡುವಿನದು. ಮೊದಲ ಸಲ ಬಿಟರ್ ಕುಡಿಯುವವರಿಗೆ ನಾನು ಹೇಳುವುದು ಇದನ್ನೇ. ಮಾಲ್ಟಿನ ಸಿಹಿ ಕಾಣುವಷ್ಟು ಮೈ ಇರುತ್ತದೆ, ಕಹಿ ಅದರ ಮೇಲೆ ಕೂರುತ್ತದೆ. ಎರಡೂ ಒಂದನ್ನೊಂದು ಎಳೆದಾಡುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ರುಚಿ ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ.

ಸ್ಟ್ರಾಂಗ್ ಬಿಟರ್‌ನಲ್ಲಿ ಬೆಲ್ಲದ ಪಾಕ, ಮಾರ್ಮಲೇಡ್, ಒಣದ್ರಾಕ್ಷಿ ಎಲ್ಲ ಬರುತ್ತದೆ. ಲಂಡನ್ನಿನ ಚಿಸಿಕ್‌ನಲ್ಲಿರುವ ಫುಲ್ಲರ್ಸ್ ಬ್ರೂವರಿಯ ಇಎಸ್‌ಬಿ (ಎಕ್ಸ್‌ಟ್ರಾ ಸ್ಪೆಷಲ್ ಬಿಟರ್) ಈ ಮನೆಯ ಯಜಮಾನ. ಬ್ರಿಟನ್ನಿನ ಚಾಂಪಿಯನ್ ಬಿಯರ್ ಪಟ್ಟ ಅದಕ್ಕೆ 1978, 1981 ಮತ್ತು 1985ರಲ್ಲಿ ಸಿಕ್ಕಿತು. ಅಮೆರಿಕದವರು ಆ ಹೆಸರನ್ನೇ ಎತ್ತಿಕೊಂಡು ಈ ಬಗೆಯ ಎಲ್ಲ ಬಿಯರಿಗೂ ಇಎಸ್‌ಬಿ ಎನ್ನತೊಡಗಿದರು. ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಎರಡನೇ ಪಿಂಟ್‌ಗೆ ನನಗೆ ಸಾಕಾಗಿರುತ್ತದೆ. ರಾತ್ರಿಯ ಕೊನೆಗೆ ಅರ್ಧ ಪಿಂಟ್, ಅದೇ ಅದರ ಜಾಗ.

ಬಲದ ಲೆಕ್ಕ ಇನ್ನೊಂದು ಕಾರಣಕ್ಕೂ ಬೇಕು. ಇಲ್ಲಿಯ ಪಿಂಟ್ ಅಂದರೆ 568 ಮಿಲಿ. ಬ್ರಿಟನ್ನಿನವರು ಆಲ್ಕೋಹಾಲನ್ನು ಯೂನಿಟ್‌ನಲ್ಲಿ ಅಳೆಯುತ್ತಾರೆ, ಒಂದು ಯೂನಿಟ್ ಎಂದರೆ 10 ಮಿಲಿ ಶುದ್ಧ ಆಲ್ಕೋಹಾಲ್. ಶೇ 3.6ರ ಪಿಂಟ್‌ನಲ್ಲಿ ಸುಮಾರು 2 ಯೂನಿಟ್, ಶೇ 4.2ರದ್ದರಲ್ಲಿ 2.4, ಶೇ 5.5ರದ್ದರಲ್ಲಿ 3.1. ಗಂಡಸರಿರಲಿ ಹೆಂಗಸರಿರಲಿ, ವಾರಕ್ಕೆ 14 ಯೂನಿಟ್ ದಾಟಬೇಡಿ ಎನ್ನುವುದು ಇಲ್ಲಿಯ ವೈದ್ಯಕೀಯ ಸಲಹೆ. ಸ್ಟ್ರಾಂಗ್ ಬಿಟರ್ ನಾಲ್ಕೂವರೆ ಪಿಂಟ್‌ಗೆ ವಾರದ ಲೆಕ್ಕ ಮುಗಿಯಿತು.

ಕಹಿಯನ್ನು ಅಳೆಯುವ ಐಬಿಯು ಎಂಬ ಸಂಖ್ಯೆಯೂ ಕೆಲವು ಕಡೆ ಬರೆದಿರುತ್ತದೆ. ಅದೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. 40 ಐಬಿಯು ಇರುವ ಸ್ಟ್ರಾಂಗ್ ಬಿಟರ್‌ಗಿಂತ 30 ಐಬಿಯು ಇರುವ ಆರ್ಡಿನರಿ ಹೆಚ್ಚು ಕಹಿ ಅನಿಸಬಹುದು. ಯಾಕೆಂದರೆ ಕಹಿ ಮಾಲ್ಟಿನ ಎದುರು ನಿಂತು ಗೊತ್ತಾಗುವ ರುಚಿ. ಹುದುಗುವ ಮೊದಲು ಸಿಹಿ ರಸದ ಸಾಂದ್ರತೆ ನೀರಿನ 1.036 ಪಟ್ಟು ಇದ್ದರೆ, ಕೊನೆಯ 36ಕ್ಕೆ 30ರ ಕಹಿ. 1.056 ಇದ್ದರೆ 56ಕ್ಕೆ 40. ಮೊದಲನೆಯದರಲ್ಲಿ ಭಾಗಿಸಿದರೆ 0.83, ಎರಡನೆಯದರಲ್ಲಿ 0.71. ತೆಳ್ಳಗಿನ ಬಿಯರಿಗೆ ಕಹಿ ಹೆಚ್ಚು ತಾಗುತ್ತದೆ.

ಉತ್ತರದ ನೊರೆ, ದಕ್ಷಿಣದ ನೊರೆ

ಉತ್ತರದ ಯಾರ್ಕ್‌ಷೈರಿನಲ್ಲಿ ಪಂಪಿನ ಬಾಗಿದ ಕೊಳವೆಯ ತುದಿಗೆ ಸಣ್ಣ ಪ್ಲಾಸ್ಟಿಕ್ ಮೂತಿ ತಿರುಪಿರುತ್ತಾರೆ. ಅದರಲ್ಲಿ ಸೂಜಿಮೊನೆಯಂಥ ತೂತುಗಳು. ಅದೇ ಸ್ಪಾರ್ಕ್ಲರ್. ಬಿಯರ್ ಅದರ ಮೂಲಕ ಒತ್ತಿಕೊಂಡು ಬಂದು ಗಟ್ಟಿ ಕೆನೆಯಂಥ ನೊರೆ ಕಟ್ಟುತ್ತದೆ. ದಕ್ಷಿಣದಲ್ಲಿ, ಲಂಡನ್ ಕಡೆ, ಅದನ್ನು ಹಾಕುವುದು ಕಡಿಮೆ. ಅಲ್ಲಿ ನೊರೆ ತೆಳು, ಗ್ಲಾಸು ಅಂಚಿನವರೆಗೆ ಬಿಯರ್. ಎರಡೂ ಕಡೆಯವರು ಇದರ ಮೇಲೆ ಜಗಳಕ್ಕೇ ನಿಲ್ಲುತ್ತಾರೆ.

ರುಚಿ ಬದಲಾಗುವುದು ನಿಜ. ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಬರುವ ಕಹಿಯ ಅಂಶ ನೊರೆಯಲ್ಲಿ ಹೆಚ್ಚು ಸೇರಿಕೊಳ್ಳುತ್ತದೆ. ಸ್ಪಾರ್ಕ್ಲರ್ ಹಾಕಿದ ಪಿಂಟ್‌ನ ನೊರೆಯನ್ನು ಮಾತ್ರ ಚಪ್ಪರಿಸಿ ನೋಡಿ, ಚುರುಕಾದ ಕಹಿ. ಕೆಳಗಿನ ಬಿಯರ್ ಮಾತ್ರ ಮೆತ್ತಗೆ, ಗ್ಯಾಸು ಇನ್ನೂ ಕಡಿಮೆ. ಮಾಲ್ಟ್ ಇಷ್ಟಪಡುವವರಿಗೆ ಇದು ಸರಿ. ಹಾಪ್ಸ್‌ನ ಪರಿಮಳ ಬೇಕೆನ್ನುವವರು 'ಸ್ಪಾರ್ಕ್ಲರ್ ತೆಗೆದು ಕೊಡಿ' ಎಂದು ಕೇಳಬಹುದು, ಬೇಸರ ಮಾಡಿಕೊಳ್ಳದೆ ತೆಗೆಯುತ್ತಾರೆ. ನನ್ನ ಓಟು ಆಯಾ ಊರಿನ ಪದ್ಧತಿಗೆ. ಉತ್ತರದ ಬಿಯರಿಗೆ ಇರಲಿ, ದಕ್ಷಿಣದ ಸಸೆಕ್ಸ್‌ನ ಬಿಯರಿಗೆ ಬೇಡ.

ಪ್ರದೇಶದ ಇನ್ನೊಂದು ಗುರುತು ಇಂಗ್ಲೆಂಡಿನ ನಡುಭಾಗದ ಬರ್ಟನ್ ಅಪಾನ್ ಟ್ರೆಂಟ್ ಊರಿನ ನೀರು. ಅಲ್ಲಿಯ ಬಾವಿ ನೀರಿನಲ್ಲಿ ಜಿಪ್ಸಮ್ ಹೇರಳ. ಅದರಿಂದ ಕಹಿ ಒಣಗಿ ಚೂಪಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಬಾಸ್, ಆಲ್ಸಪ್ ಕಂಪನಿಗಳು ಭಾರತಕ್ಕೆ ಹಡಗಿನಲ್ಲಿ ಕಳಿಸುತ್ತಿದ್ದ ಪೇಲ್ ಏಲ್ ಹುಟ್ಟಿದ್ದು ಈ ನೀರಿನಿಂದ. ಇವತ್ತಿನ ಬಿಟರ್ ಅದೇ ಕುಟುಂಬದ್ದು. ಬರ್ಟನ್ ಬಗೆಯ ಬಿಯರನ್ನು ಮೂಗಿನ ಹತ್ತಿರ ತಂದ ಕೂಡಲೇ ಬೆಂಕಿಕಡ್ಡಿ ಗೀರಿದ ವಾಸನೆ ಒಂದು ಕ್ಷಣ ಬಂದು ಹೋಗುತ್ತದೆ. ಗೊತ್ತಿಲ್ಲದವರು ಕೆಟ್ಟಿದೆ ಎಂದುಕೊಳ್ಳುತ್ತಾರೆ, ಗೊತ್ತಿದ್ದವರು ಅದಕ್ಕೇ ಹುಡುಕಿಕೊಂಡು ಹೋಗುತ್ತಾರೆ.

ಕಾಸ್ಕ್, ಕೆಗ್, ಬಾಟಲಿ

'ಸ್ಮೂತ್' ಎಂದು ಬರೆದ ಬಿಟರ್ ಕೆಗ್‌ನಿಂದ, ಅಂದರೆ ಗ್ಯಾಸಿನ ಒತ್ತಡದ ಮುಚ್ಚಿದ ಲೋಹದ ಪೀಪಾಯಿಯಿಂದ ಬರುತ್ತದೆ. ಸೋಸಿ, ಪಾಶ್ಚರೀಕರಿಸಿ, ಸಾರಜನಕ ಸೇರಿಸಿದ ಗ್ಯಾಸಿನಿಂದ ತಳ್ಳಿ, ತಣ್ಣಗೆ ಕೊಡುವ ಬಿಯರ್. ನೋಡಲು ಚೆಂದ, ಬಾಯಿಗೆ ಬೆಣ್ಣೆಯ ಹಾಗೆ ನಯ, ರುಚಿ ಅಷ್ಟಕ್ಕಷ್ಟೆ. 1971ರಲ್ಲಿ ನಾಲ್ವರು ಗೆಳೆಯರು ಕ್ಯಾಮ್ರಾ ಎಂಬ ಚಳವಳಿ ಶುರು ಮಾಡಿದ್ದೇ ಇಂಥ ಕೆಗ್ ಬಿಯರು ಕಾಸ್ಕ್ ಬಿಯರನ್ನು ನುಂಗಿಹಾಕುತ್ತಿದೆ ಎಂಬ ಸಿಟ್ಟಿಗೆ. ಕಾಸ್ಕ್ ಬಿಯರಿಗೆ 'ರಿಯಲ್ ಏಲ್' ಎಂಬ ಮಾತು ಮನೆಮಾತಾದದ್ದು ಅವರಿಂದ. ಅವರಷ್ಟು ಸಿಟ್ಟು ನನಗಿಲ್ಲ. ಕಾಸ್ಕ್ ಸರಿಯಾಗಿ ನೋಡಿಕೊಳ್ಳದ ಪಬ್‌ನಲ್ಲಿ ಕೆಗ್ ಬಿಯರೇ ಕ್ಷೇಮ.

ಬಾಟಲಿಯಲ್ಲಿ ಒಂದು ಗೊಂದಲವಿದೆ. ಅದೇ ಹೆಸರು, ಬಲ ಬೇರೆ. ಫುಲ್ಲರ್ಸ್‌ನ ಲಂಡನ್ ಪ್ರೈಡ್ ಕಾಸ್ಕ್‌ನಲ್ಲಿ ಶೇ 4.1, ಬಾಟಲಿಯಲ್ಲಿ ಶೇ 4.7. ಇಎಸ್‌ಬಿ ಕಾಸ್ಕ್‌ನಲ್ಲಿ ಶೇ 5.5, ಬಾಟಲಿಯಲ್ಲಿ ಶೇ 5.9. ಟಿಮೊತಿ ಟೇಲರ್ ಬ್ರೂವರಿಯ ಲ್ಯಾಂಡ್‌ಲಾರ್ಡ್ ಉಲ್ಟಾ: ಕಾಸ್ಕ್ ಶೇ 4.3, ಬಾಟಲಿ ಶೇ 4.1. ಬಾಟಲಿ ಕುಡಿದು ಬಿಯರ್ ಹೀಗೆ ಎಂದು ತೀರ್ಮಾನಿಸಿದರೆ ಬೇರೊಂದು ಬಿಯರಿಗೆ ಅಂಕ ಕೊಟ್ಟಂತಾಗುತ್ತದೆ. ಬಾಟಲಿ ಕೊಳ್ಳುವಾಗ ಒಳಗೆ ಯೀಸ್ಟ್ ಉಳಿಸಿದ್ದು, ಅಂದರೆ 'ಬಾಟಲ್ ಕಂಡಿಷನ್ಡ್', ಸಿಕ್ಕರೆ ಅದು ಕಾಸ್ಕ್‌ಗೆ ಸ್ವಲ್ಪ ಹತ್ತಿರ. ಅದನ್ನು ನಿಲ್ಲಿಸಿಟ್ಟು, ತಳದ ಮಡ್ಡಿ ಕದಡದಂತೆ ಬಗ್ಗಿಸಿ. ಬಿಳಿ ಗಾಜಿನ ಬಾಟಲಿ ಅಂಗಡಿಯ ಬೆಳಕಿನಲ್ಲಿ ನಿಂತಿದ್ದರೆ ಬಿಡಿ, ಬೆಳಕು ತಾಗಿ ಹಾಪ್ಸ್ ಕೆಟ್ಟ ವಾಸನೆ ಹೊಡೆಯುತ್ತದೆ. ಕಂದು ಬಾಟಲಿಯೇ ಮೇಲು.

ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಇಂಗ್ಲಿಷ್ ಏಲ್ ಎಂದೋ ಇಎಸ್‌ಬಿ ಎಂದೋ ಕಂಡರೆ ಅದು ಸಾಮಾನ್ಯವಾಗಿ ತಣ್ಣಗೆ, ಗ್ಯಾಸಿನ ಒತ್ತಡದಲ್ಲಿ ಬರುವ ಬಿಯರ್. ಕಾಸ್ಕ್ ಜೊತೆ ಹೋಲಿಸುವುದು ನ್ಯಾಯವಲ್ಲ. ತಂದಿಟ್ಟ ಮೇಲೆ ಹತ್ತು ಹದಿನೈದು ನಿಮಿಷ ಬಿಟ್ಟು ಕುಡಿಯಿರಿ. ಚಳಿ ಇಳಿದಂತೆ ಮಾಲ್ಟ್ ಮೇಲೆ ಬರುತ್ತದೆ. ಪಕ್ಕದಲ್ಲಿ ಖಾರದ ಚಿಕನ್ ಇಟ್ಟುಕೊಂಡು ರುಚಿ ನೋಡಲು ಹೋಗಬೇಡಿ, ಖಾರ ಮತ್ತು ಕಹಿ ಒಂದನ್ನೊಂದು ಕೆರಳಿಸುತ್ತವೆ.

ಗ್ಲಾಸು ಕೈಗೆ ಬಂದ ಮೇಲೆ

ಹೋಲಿಸಲೇಬೇಕೆಂದರೆ ಅರ್ಧ ಪಿಂಟ್‌ಗಳಲ್ಲಿ ಹೋಲಿಸಿ. ಕಡಿಮೆ ಬಲದ್ದು ಮೊದಲು. ಮೂರು ಬಗೆ ಸಾಕು, ಆಮೇಲೆ ನಾಲಿಗೆ ಸುಳ್ಳು ಹೇಳಲು ಶುರು ಮಾಡುತ್ತದೆ. ನಡುವೆ ನೀರು, ಸಪ್ಪೆ ಬ್ರೆಡ್. ಉಪ್ಪು-ವಿನೆಗರ್ ಚಿಪ್ಸ್ ಬೇಡವೇ ಬೇಡ.

ಬಣ್ಣ ಹೊನ್ನಿನಿಂದ ತಾಮ್ರದವರೆಗೆ ಎಲ್ಲಿದ್ದರೂ ಸರಿ. ಕುಡಿದಂತೆ ಗ್ಲಾಸಿನ ಗೋಡೆಯ ಮೇಲೆ ನೊರೆಯ ಬಳೆಗಳು ಉಳಿಯುತ್ತಿದ್ದರೆ ಗ್ಲಾಸೂ ಶುದ್ಧ, ಬಿಯರೂ ಲವಲವಿಕೆಯಿಂದಿದೆ. ಮೂಸಿ ನೋಡುವುದು ಬೇಗ ಮಾಡಿ, ಮೂಗು ಬಹಳ ಬೇಗ ವಾಸನೆಗೆ ಒಗ್ಗಿಹೋಗುತ್ತದೆ. ಕ್ರಿಸ್ಟಲ್ ಮಾಲ್ಟ್ ಇದ್ದರೆ ಟಾಫಿ, ಬಿಸ್ಕತ್ತು. ಗೋಲ್ಡಿಂಗ್ಸ್ ಹಾಪ್ಸ್ ಇದ್ದರೆ ಜೇನು, ಹೂವು, ತೆಳುವಾಗಿ ಮಸಾಲೆ. ಫಗಲ್ ಇದ್ದರೆ ಮಳೆ ಬಿದ್ದ ಮಣ್ಣು, ಹಸಿ ಹುಲ್ಲು. ಯೀಸ್ಟ್‌ನಿಂದ ಪೇರಳೆ ಅಥವಾ ಕಿತ್ತಳೆ ಮಾರ್ಮಲೇಡಿನ ಹಣ್ಣು ವಾಸನೆ. ಇಂಗ್ಲಿಷ್ ಹಾಪ್ಸ್ ಅಬ್ಬರ ಮಾಡುವುದಿಲ್ಲ. ಮಾವು, ಪ್ಯಾಶನ್ ಫ್ರೂಟ್ ಮುಖಕ್ಕೆ ರಾಚಿದರೆ ನೀವು ಕುಡಿಯುತ್ತಿರುವುದು ಬೇರೆ ಬಗೆಯದು.

ವೈನ್ ಪರೀಕ್ಷೆಯಲ್ಲಿ ಉಗುಳುತ್ತಾರಲ್ಲ, ಇಲ್ಲಿ ಹಾಗೆ ಮಾಡಬೇಡಿ. ಬಿಟರ್‌ನ ಅರ್ಧ ಕತೆ ನುಂಗಿದ ಮೇಲೆ. ಕಹಿ ಯಾವಾಗ ಬಂತು, ಎಷ್ಟು ಹೊತ್ತು ನಿಂತಿತು, ಹೋಗುವಾಗ ಬಾಯಿ ಒಣಗಿಸಿ ಹೋಯಿತೋ ಅಂಟಿಸಿ ಹೋಯಿತೋ. ಮೊದಲ ಗುಟುಕಿನ ಮೇಲೆ ತೀರ್ಪು ಬೇಡ. ಕಹಿ ಗುಟುಕಿನಿಂದ ಗುಟುಕಿಗೆ ಕೂಡುತ್ತ ಹೋಗುತ್ತದೆ. ಮೊದಲು ಸಪ್ಪೆ ಅನಿಸಿದ್ದು ಗ್ಲಾಸಿನ ಕೊನೆಯ ಭಾಗಕ್ಕೆ ಸರಿಯಾಗಿ ಕೂರಬಹುದು. ಮೊದಲು ಮೈಮೇಲೆ ಬಿದ್ದದ್ದು ಕೊನೆಗೆ ಸಾಕುಸಾಕಾಗಬಹುದು. ನನ್ನ ಪರೀಕ್ಷೆ ಸುಲಭ: ಗ್ಲಾಸು ಮುಗಿದಾಗ ಇದನ್ನೇ ಇನ್ನೊಂದು ತರೋಣ ಅನಿಸಿತಾ?

ಎರಡು ಬಿಟರ್‌ಗಳ ನಡುವೆ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತಿದೆಯೋ ಅಥವಾ ಹೆಸರು ನೋಡಿ ಹೇಳುತ್ತಿದ್ದೇವೋ ಎಂಬ ಅನುಮಾನ ಬಂದರೆ ಮನೆಯಲ್ಲಿ ಒಂದು ಆಟ ಆಡಿ. ಗೆಳೆಯರೊಬ್ಬರು ಮೂರು ಗ್ಲಾಸು ತರಲಿ. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆ ಯಾವುದು ಎಂದು ಹೇಳಿ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತದೆ, ಹಾಗಾಗಿ ನಾಲ್ಕೈದು ಸಲ ಮಾಡಿ. ದೊಡ್ಡ ಮಾತಾಡುವವರ ಸದ್ದು ಅಡಗಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ದೋಷಗಳಲ್ಲಿ ಪಬ್‌ನಲ್ಲಿ ಜಾಸ್ತಿ ಸಿಗುವುದು ವಿನೆಗರ್. ಪೀಪಾಯಿ ತೆರೆದು ದಿನ ಕಳೆದಿದೆ ಎಂದರ್ಥ. ಒದ್ದೆ ರಟ್ಟಿನ ರುಚಿ ಬಂದರೆ ಗಾಳಿ ತಾಗಿ ಹಳಸಿದೆ, ಬಾಟಲಿಗಳಲ್ಲಿ ಇದು ಹೆಚ್ಚು. ಹಸಿ ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಎಳೆಯದು, ಅವಸರಕ್ಕೆ ನಲ್ಲಿ ಹಾಕಿದ್ದಾರೆ. ಆಸ್ಪತ್ರೆಯ ಔಷಧಿ ವಾಸನೆ ಬಂದರೆ ಸ್ವಚ್ಛತೆಯ ಕಡೆ ಅನುಮಾನ ಪಡಿ. ಬೆಣ್ಣೆಯ, ಬಟರ್‌ಸ್ಕಾಚ್ ಮಿಠಾಯಿಯ ವಾಸನೆ ಮಾತ್ರ ನಡುವಿನದು. ಡೈಅಸಿಟೈಲ್ ಎಂಬ ವಸ್ತುವಿನಿಂದ ಬರುವ ಇದು ಲಾಗರ್‌ನಲ್ಲಿ ದೊಡ್ಡ ತಪ್ಪು. ಕೆಲವು ಇಂಗ್ಲಿಷ್ ಬಿಟರ್‌ಗಳಲ್ಲಿ ಎಳೆಯಷ್ಟು ಇದ್ದರೆ ಸಹಿಸುತ್ತಾರೆ, ಇಷ್ಟಪಡುವವರೂ ಇದ್ದಾರೆ. ನಾಲಿಗೆಗೆ ಜಿಡ್ಡು ಹತ್ತಿದರೆ ನಾನು ವಾಪಸ್ ಕೊಡುತ್ತೇನೆ.

ಅಂಕ ಕೊಡುವುದಿದ್ದರೆ ಎರಡು ದಾರಿ ಇವೆ, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಬಿಜೆಸಿಪಿಯ 50 ಅಂಕಗಳಲ್ಲಿ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹೇಗಿದೆ ಎಂಬುದಕ್ಕೆ 5, ಒಟ್ಟು ಅನಿಸಿಕೆಗೆ 10. ಈ ಬಿಯರ್ ತನ್ನ ಬಗೆಗೆ ಎಷ್ಟು ಸರಿಹೊಂದುತ್ತದೆ ಎಂದು ಅದು ಕೇಳುತ್ತದೆ. ಮನೆಯಲ್ಲಿ ಬಿಯರ್ ಮಾಡುವವರಿಗೆ, ಬಾಟಲಿ ಹೋಲಿಸುವವರಿಗೆ ಇದು ಸರಿ. ಕ್ಯಾಮ್ರಾದ ಪದ್ಧತಿ ಸೊನ್ನೆಯಿಂದ 5. ಸೊನ್ನೆ ಅಂದರೆ ಕುಡಿಯಲಾಗದ್ದು, 3 ಅಂದರೆ ಚೆನ್ನಾಗಿದೆ, 5 ಅಪರೂಪ. ಇಲ್ಲಿ ಅಂಕ ಬ್ರೂವರಿಗಲ್ಲ, ಈ ಪಬ್‌ನಲ್ಲಿ ಈ ಹೊತ್ತು ಬಂದ ಗ್ಲಾಸಿನ ಸ್ಥಿತಿಗೆ. ನಿಮಗೆ ಇಷ್ಟವಿಲ್ಲದ ಬಗೆಯ ಬಿಯರ್ ಆಗಿದ್ದರೂ ಚೆನ್ನಾಗಿ ಇಟ್ಟಿದ್ದರೆ 4 ಕೊಡಬೇಕು. ಪಬ್ ಆರಿಸಲು ಇದೇ ಬೇಕಾದದ್ದು. ನಾನು ಫೋನಿನಲ್ಲಿ ಪಬ್ ಹೆಸರಿನ ಮುಂದೆ ಈ ಅಂಕ ಬರೆದಿಟ್ಟುಕೊಳ್ಳುತ್ತೇನೆ, ಬಿಯರ್ ಹೆಸರು ಅದರ ಕೆಳಗೆ.

ಹೆಸರು ಹೇಳಿ ಅಂದರೆ

ಉತ್ತರಕ್ಕೆ ಹೋದರೆ ಯಾರ್ಕ್‌ಷೈರಿನ ಕೀತ್ಲಿ ಊರಿನ ಟಿಮೊತಿ ಟೇಲರ್ ಲ್ಯಾಂಡ್‌ಲಾರ್ಡ್. 1858ರಲ್ಲಿ ಶುರುವಾದ ಬ್ರೂವರಿ, ಗೋಲ್ಡನ್ ಪ್ರಾಮಿಸ್ ಎಂಬ ಬಾರ್ಲಿಯ ಮಾಲ್ಟ್, ಸ್ಟೈರಿಯನ್ ಗೋಲ್ಡಿಂಗ್ಸ್ ಹಾಪ್ಸ್. ಚಾಂಪಿಯನ್ ಬಿಯರ್ ಪಟ್ಟ ನಾಲ್ಕು ಸಲ: 1982, 1983, 1994, 1999. ಆದರೆ ಇದು ಹಠಮಾರಿ. ಬೇರೆ ಬಿಯರಿಗಿಂತ ಹೆಚ್ಚು ದಿನ ನೆಲಮಾಳಿಗೆಯಲ್ಲಿ ಸುಮ್ಮನೆ ಬಿಡಬೇಕು. ಅವಸರದ ಪಬ್‌ನಲ್ಲಿ ಒರಟಾಗಿ, ಬಿಡಿಬಿಡಿಯಾಗಿ ಬರುತ್ತದೆ. ತಾಳ್ಮೆಯ ಪಬ್‌ನಲ್ಲಿ ಕಿತ್ತಳೆ, ಜೇನು, ಕಹಿ ಎಲ್ಲ ಒಂದಾಗಿ ಇಳಿಯುತ್ತದೆ. ಹೊಸ ಪಬ್‌ನ ನೆಲಮಾಳಿಗೆ ಹೇಗಿದೆ ಎಂದು ತಿಳಿಯಲು ನಾನು ಮೊದಲು ಕೇಳುವುದು ಇದನ್ನೇ.

ದಕ್ಷಿಣಕ್ಕೆ ಹೋದರೆ ಲೂಯಿಸ್ ಊರಿನ ಹಾರ್ವೀಸ್ ಸಸೆಕ್ಸ್ ಬೆಸ್ಟ್, ಶೇ 4. ಮಾಲ್ಟ್ ಸ್ವಲ್ಪ ಮುಂದೆ, ಯೀಸ್ಟಿನ ಗುಣ ಎದ್ದು ಕಾಣುತ್ತದೆ, ಕೊನೆ ಒಣ. ಲ್ಯಾಂಡ್‌ಲಾರ್ಡ್ ಮತ್ತು ಇದರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಸಸೆಕ್ಸ್‌ನಲ್ಲಿದ್ದಾಗ ಹಾರ್ವೀಸ್, ಉಳಿದ ಕಡೆ ಲ್ಯಾಂಡ್‌ಲಾರ್ಡ್ ಎನ್ನುತ್ತೇನೆ. ಲಂಡನ್ನಿನಲ್ಲಿ ಒಂದೇ ಸಂಜೆ ಇರುವವರಿಗೆ ಲಂಡನ್ ಪ್ರೈಡ್ ಸಾಕು. ಎಲ್ಲ ಕಡೆ ಸಿಗುತ್ತದೆ, ಬೇಗ ಖಾಲಿಯಾಗುತ್ತದೆ, ಹಾಗಾಗಿ ಗ್ಲಾಸಿಗೆ ತಾಜಾ ಬರುವ ಸಾಧ್ಯತೆ ಜಾಸ್ತಿ. ಫುಲ್ಲರ್ಸ್‌ನ ಬಿಯರ್ ವ್ಯವಹಾರ 2019ರಲ್ಲಿ ಜಪಾನಿನ ಅಸಾಹಿ ಕಂಪನಿಯ ಕೈಗೆ ಹೋಯಿತು. ಅಂದಿನಿಂದ ರುಚಿ ಕೆಟ್ಟಿತು ಎಂದು ಗೊಣಗುವವರು ಪ್ರತಿ ಪಬ್‌ನಲ್ಲಿ ಒಬ್ಬರಾದರೂ ಸಿಗುತ್ತಾರೆ. ನನಗೇನೂ ಹಾಗೆ ಅನಿಸಿಲ್ಲ.

ಬಂದ ಪಿಂಟ್ ಕೆಟ್ಟಿದ್ದರೆ ಅರ್ಧ ಕುಡಿದು ಹೇಳಬೇಡಿ, ಎರಡು ಗುಟುಕಿಗೇ ಕೌಂಟರಿಗೆ ತೆಗೆದುಕೊಂಡು ಹೋಗಿ. 'ಇದು ಹುಳಿಯಾಗಿದೆ ಅನಿಸುತ್ತೆ, ಒಮ್ಮೆ ನೋಡ್ತೀರಾ?' ಎಂದರೆ ಸಾಕು. ಒಳ್ಳೆಯ ಪಬ್‌ನವರು ವಾದ ಮಾಡದೆ ಬೇರೆ ಕೊಡುತ್ತಾರೆ, ತಾವೂ ಒಂದು ಗುಟುಕು ನೋಡಿ ಕ್ಲಿಪ್ ತಿರುಗಿಸುತ್ತಾರೆ. 'ಏಲ್ ಇರೋದೇ ಹೀಗೆ' ಎಂದವರ ಹತ್ತಿರ ಲಾಗರ್ ತೆಗೆದುಕೊಳ್ಳಿ.